ಸಕ್ಕರೆ ಹೂವಿನ ಕೈ

"ತಗೊಳ್ಳಿ, ವಿಷ ಏನೂ ಹಾಕಿಲ್ಲ."

ಏಣಿಯ ಮೇಲಿದ್ದ ಪೇಂಟರ್ ಕೆಳಗೆ ನೋಡಿದ. ಕೇಕ್ ಅಂಗಡಿಯ ಯಜಮಾನಿ ತಟ್ಟೆ ಹಿಡಿದು ನಿಂತಿದ್ದಳು. ಎರಡು ಸಲ ಬೇಡ ಎಂದಿದ್ದಕ್ಕೇ ಅವಳ ಮೂಗಿನ ತುದಿ ಕೆಂಪಾಗಿತ್ತು.

"ಬೇಡ ಮೇಡಂ…"

"ನನ್ನ ಬೋರ್ಡ್ ಬರೆಯೋರೇ ನನ್ನ ಕೇಕ್ ಮುಟ್ಟಲ್ಲ ಅಂದ್ರೆ, ಬೇರೆಯವರು ಏನಂದ್ಕೋತಾರೆ?"

ಅವನು ಏಣಿ ಇಳಿದು ಬಂದ. ರಸ್ತೆಯಲ್ಲಿ ಹೋಗುವವರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ.

"ನನಗೆ ಶುಗರ್ ಇದೆ."

ಯಜಮಾನಿಯ ಮುಖ ಸಪ್ಪಗಾಯಿತು. ಮೂವತ್ತು ದಾಟಿದರೂ ಅವಳು ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿಯೇ, ಹಾಗಾಗಿ ನಮಗೂ ಪುಟ್ಟಿಯೇ ಇರಲಿ. ಆ ಕಾಯಿಲೆ ಅವಳಿಗೆ ಹೊಸದಲ್ಲ. ಅವಳ ಅಪ್ಪ ದಿಂಬಿನ ಕೆಳಗೆ ಮಿಠಾಯಿ ಬಚ್ಚಿಟ್ಟುಕೊಂಡು, "ನಾನೇನೂ ತಿಂದಿಲ್ಲಮ್ಮ" ಎನ್ನುತ್ತಾ ಎನ್ನುತ್ತಾ ಮೊದಲು ಒಂದು ಕಾಲು ಕಳೆದುಕೊಂಡು, ಆಮೇಲೆ ಜೀವವನ್ನೇ ಕಳೆದುಕೊಂಡಿದ್ದರು.

"ಊಟ ಆಗಿ ಎರಡು ಗಂಟೆ ಬಿಟ್ಟು ಚೆಕ್ ಮಾಡ್ಕೋತೀರಾ?" ಎಂದಳು.

"ಮಷೀನ್ ಏನೋ ಇದೆ. ಆದ್ರೆ…"

ಆದರೆ ಏನು ಎಂಬುದು ಮಧ್ಯಾಹ್ನ ಗೊತ್ತಾಯಿತು. ಬಾಗಿಲು ತಲೆಗೆ ತಾಗುವಷ್ಟು ಎತ್ತರದ ಆಸಾಮಿ, ಏಣಿಯ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತು ಅಕ್ಷರ ತಿದ್ದುವವನು, ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಪುಟ್ಟ ಸೂಜಿ ಹಿಡಿದು ಬೆವರುತ್ತಿದ್ದ. ಕಣ್ಣು ಮುಚ್ಚುತ್ತಿದ್ದ, ತೆರೆಯುತ್ತಿದ್ದ, ಮತ್ತೆ ಮುಚ್ಚುತ್ತಿದ್ದ.

ಪುಟ್ಟಿಗೆ ನಗು ತಡೆಯಲಾಗಲಿಲ್ಲ.

"ಕೊಡಿ ಇಲ್ಲಿ ಕೈ."

ಅವನ ಕೈ ತಣ್ಣಗಿತ್ತು. ಬೆರಳ ತುದಿಗೆ ರಕ್ತ ಬರಲಿ ಎಂದು ಅದನ್ನು ತನ್ನೆರಡು ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿ ಕೂತ. ಚುಚ್ಚಿದ್ದು ಅವನಿಗೆ ತಿಳಿಯಲೇ ಇಲ್ಲ.

"ನೂರ ನಲವತ್ತೆರಡು. ಜಾಣ," ಎಂದಳು.

ಹೀಗೆ ಶುರುವಾಗಿದ್ದು, ದಿನಾ ನಡೆಯಿತು. ಬೋರ್ಡ್ ಮುಗಿಯಿತು, ಗಾಜಿನ ಬಾಗಿಲ ಮೇಲೆ ಬರೆಯುವುದಿದೆ ಎಂದ. ಅದೂ ಮುಗಿಯಿತು, ಒಳಗಿನ ಗೋಡೆಗೆ ಬಳ್ಳಿ ಬಿಡಿಸಿದರೆ ಚೆನ್ನ ಎಂದ. ಗಲ್ಲಾದಲ್ಲಿ ಕೂರುವ ಅಕ್ಕ ಸುಮ್ಮನಿದ್ದಾಳೆಯೇ?

"ಏನೇ ಪುಟ್ಟಿ, ಇವನು ಅಕ್ಷರ ಬರೀತಿದಾನೋ, ಸಂಸಾರ ಹೂಡ್ತಿದಾನೋ?"

ಪ್ರತಿದಿನ ಸರಿಯಾದ ಹೊತ್ತಿಗೆ ಅವನು ನಲ್ಲಿಯ ಹತ್ತಿರ ಹೋಗಿ, ಉಗುರಿನ ಸಂದಿಯ ಬಣ್ಣವೆಲ್ಲ ಹೋಗುವವರೆಗೆ ಸೋಪು ಹಾಕಿ ಉಜ್ಜಿ, ಒರೆಸಿಕೊಂಡು ಬರುತ್ತಿದ್ದ. ಅವಳು ಹಿಡಿಯುವ ಕೈ ಕೊಳಕಾಗಿರಬಾರದು ಎಂಬುದು ಅವನ ಹಟ. ಪುಟ್ಟಿ ತನ್ನ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು, ಆ ಕೈಯನ್ನು ಎತ್ತಿಕೊಳ್ಳುತ್ತಿದ್ದಳು. ಕೆಲಸದ ಗಡಿಬಿಡಿಯಲ್ಲಿ ಅವಳಿಗೆ ಅಷ್ಟೇ ಪುರುಸೊತ್ತು.

ಆಗ ಒಂದು ದೊಡ್ಡ ಮದುವೆಯ ಕೇಕಿಗೆ ಆರ್ಡರ್ ಬಂತು. ಮೈತುಂಬ ಸಕ್ಕರೆ ಹೂವು ಬೇಕಂತೆ. ಪುಟ್ಟಿ ಬೆಳಗಿನಿಂದ ಸಂಜೆಯವರೆಗೆ ಸಕ್ಕರೆ ಪುಡಿಗೆ ಗ್ಲೂಕೋಸ್ ಪಾಕ ಸುರಿದು ನಾದುವುದು, ಎಸಳು ತಟ್ಟುವುದು, ಹೂವು ಕಟ್ಟುವುದು.

ಅದೇ ವಾರ ಅವನ ಶುಗರ್ ಏರಿತು. ಇನ್ನೂರ ಇಪ್ಪತ್ತು. ಇನ್ನೂರ ಅರವತ್ತು. ಪುಟ್ಟಿಯೇ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ ಅಂಕಿ ಒಪ್ಪಿಸಿದಳು. ಡಾಕ್ಟರು ಮಾತ್ರೆ ಹೆಚ್ಚಿಸಿದರು.

ದಾರಿಯಲ್ಲಿ ಬರುವಾಗ ಅವನು ನಿಂತ.

"ಮೇಡಂ… ಜೀವನ ಪೂರ್ತಿ ನೀವೇ ಚುಚ್ತೀರಾ?"

ಹೂಂ ಅನ್ನಲು ಬಾಯಿ ತೆರೆದ ಪುಟ್ಟಿ, ನಾಚಿಕೊಂಡು, "ನಾಳೆ ಹೇಳ್ತೀನಿ" ಎಂದುಬಿಟ್ಟಳು.

ನಾಳೆ ಬಂತು. ಮಷೀನ್ ಮುನ್ನೂರ ಹತ್ತು ತೋರಿಸಿತು.

"ಎಲ್ಲಿ ತಿಂದ್ರಿ?"

"ಏನನ್ನ?"

"ಸಿಹಿ. ಮಾತ್ರೆ ಜಾಸ್ತಿ ಮಾಡಿದ್ರೂ ಏರುತ್ತೆ ಅಂದ್ರೆ ಏನರ್ಥ? ಎಲ್ಲಿ ತಿಂದ್ರಿ?"

"ನಾನೇನೂ ತಿಂದಿಲ್ಲ…"

ಅಪ್ಪನದೇ ಮಾತು! ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ ಎಂಬುದೂ ಮರೆತುಹೋಯಿತು.

"ಸುಳ್ಳು ಹೇಳೋ ಬಾಯಿ ನಾನು ನೋಡಿದೀನಿ. ಒಬ್ಬರನ್ನ ಮಣ್ಣು ಮಾಡಿದ್ದು ಸಾಕು. ಇನ್ನೊಬ್ಬರಿಗೆ ಅಳೋಕೆ ನನ್ನ ಹತ್ರ ಕಣ್ಣೀರಿಲ್ಲ. ಹೋಗಿ."

ಅವನು ಎದ್ದ. ಕುಂಚಗಳನ್ನು ಡಬ್ಬಿಗೆ ಹಾಕಿಕೊಂಡ, ಏಣಿ ಹೆಗಲಿಗೇರಿಸಿಕೊಂಡ, ಹೊರಟುಹೋದ. ಗೋಡೆಯ ಬಳ್ಳಿ ಅರ್ಧಕ್ಕೇ ನಿಂತಿತು. ಮಷೀನ್ ಮೇಜಿನ ಮೇಲೆಯೇ ಉಳಿಯಿತು.

ಒಂದು ವಾರ ಪುಟ್ಟಿ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಮಧ್ಯಾಹ್ನ ಆ ಹೊತ್ತಾದರೆ ಕಣ್ಣು ತಾನಾಗಿ ನಲ್ಲಿಯ ಕಡೆ ಹೋಗುತ್ತಿತ್ತು. 'ತಪ್ಪು ಅವನದು, ನಾನ್ಯಾಕೆ ಸಾಯ್ತಿದೀನಿ?'

ಅವತ್ತು ಕೊನೆಯ ಹೂವು ಕಟ್ಟುತ್ತಿದ್ದಳು. ತಡೆಯಲಾಗದೆ ಮಷೀನ್ ತೆಗೆದಳು. ಅವನು ಅಷ್ಟು ಹೆದರುತ್ತಿದ್ದ ನೋವಾದರೂ ಎಂಥದು, ಒಮ್ಮೆ ನೋಡಿಯೇ ಬಿಡೋಣ ಎಂದು ತನ್ನ ಬೆರಳಿಗೇ ಚುಚ್ಚಿಕೊಂಡಳು.

ಮುನ್ನೂರ ಎಂಬತ್ತು.

ಅಂಕಿಯನ್ನು ಇನ್ನೊಮ್ಮೆ ಓದಿದಳು. ನನಗೂ ಬಂತಾ? ಅಪ್ಪನ ಹಾಗೇನಾ? ನಲ್ಲಿಯ ಹತ್ತಿರ ಹೋಗಿ ಅತ್ತಳು. ಸೋಪು ಹಾಕಿ ಮುಖ, ಕೈ ತೊಳೆದು ಒರೆಸಿಕೊಂಡಳು. ಮಷೀನೇ ಕೆಟ್ಟಿರಬಹುದು ಎಂಬ ಆಸೆಯಿಂದ ಇನ್ನೊಂದು ಸಲ ಚುಚ್ಚಿಕೊಂಡಳು.

ತೊಂಬತ್ತೆಂಟು.

ಪುಟ್ಟಿ ಮಷೀನ್ ನೋಡಿದಳು. ಒದ್ದೆ ಸೋಪು ನೋಡಿದಳು. ಮೇಜಿನ ಮೇಲೆ ಹೊಳೆಯುತ್ತಿದ್ದ ಗ್ಲೂಕೋಸ್ ಪಾಕ ನೋಡಿದಳು. ಆಮೇಲೆ ತನ್ನ ಅಂಗೈ ನೋಡಿಕೊಂಡು ಅಲ್ಲೇ ಕುಸಿದು ಕೂತಳು.

ಅವನ ರಕ್ತದಲ್ಲಿ ಅಷ್ಟು ಸಕ್ಕರೆ ಇರಲೇ ಇಲ್ಲ. ಇದ್ದದ್ದು ಅವಳ ಕೈಯಲ್ಲಿ. ಅವನು ಉಜ್ಜಿ ಉಜ್ಜಿ ತೊಳೆದು ತಂದ ಬೆರಳಿಗೆ ದಿನಾ ಪ್ರೀತಿಯಿಂದ ಪಾಕ ಮೆತ್ತಿದವಳು ಅವಳೇ. ಮೆತ್ತಿ, ಚುಚ್ಚಿ, ಆಮೇಲೆ ನಾಲ್ಕು ಜನರ ಎದುರು ಅವನನ್ನು ಸುಳ್ಳುಗಾರ ಮಾಡಿದವಳೂ ಅವಳೇ.

'ಅಯ್ಯೋ, ನಾನೆಂಥಾ ಪಾಪಿ…'

ಅದಕ್ಕಿಂತ ಕೆಟ್ಟದ್ದು ಆಮೇಲೆ ಹೊಳೆಯಿತು. ಮಾತ್ರೆ! ಇಲ್ಲದ ಸಕ್ಕರೆ ಇಳಿಸಲು ಅವನು ಹೆಚ್ಚಿನ ಮಾತ್ರೆ ನುಂಗುತ್ತಿದ್ದಾನೆ.

ಮೇಜಿನ ಮೇಲಿದ್ದ ಸಕ್ಕರೆ ಹೂವನ್ನು ಜೇಬಿಗೆ ಹಾಕಿ, ಮಷೀನ್ ಎತ್ತಿಕೊಂಡು ಓಡಿದಳು.

"ಅಕ್ಕಾ, ಅವನೆಲ್ಲಿದಾನೆ?"

"ಕನ್ನಡಕದ ಅಂಗಡಿ ಬೋರ್ಡ್ ಬರೀತಿದಾನೆ. ನಿನ್ನೆ ಏಣಿ ಮೇಲೆ ತೂರಾಡ್ತಿದ್ನಂತೆ, ಕುಡಿದಿದಾನೆ ಅಂತ ಜನ ಆಡ್ಕೋತಿದ್ರು. ಯಾಕೇ?"

ಪುಟ್ಟಿ ಉತ್ತರ ಕೊಡಲು ನಿಲ್ಲಲಿಲ್ಲ.

ಅವನು ಏಣಿಯ ಮೇಲಿದ್ದ. ಕುಂಚ ಹಿಡಿದ ಕೈ ನಡುಗುತ್ತಿತ್ತು, ಬೆನ್ನ ಮೇಲೆ ಅಂಗಿ ಬೆವರಿಗೆ ಅಂಟಿತ್ತು.

"ಇಳೀರಿ. ಮೆಲ್ಲಗೆ ಇಳೀರಿ… ನಾನು ಏಣಿ ಹಿಡ್ಕೊಂಡಿದೀನಿ."

ಅವನು ಇಳಿದು ಮೆಟ್ಟಿಲ ಮೇಲೆ ಕೂತ. ಅವಳು ಅವನನ್ನು ಮುಟ್ಟಲಿಲ್ಲ. ಅಂಗಡಿಯೊಳಗಿನ ನಲ್ಲಿಯಲ್ಲಿ ಕೈ ತೊಳೆದು ಬಂದಳು, ಬಣ್ಣ ಮೆತ್ತಿದ ಅವನ ಬೆರಳನ್ನೂ ತೊಳೆದು ಒರೆಸಿ, ಚುಚ್ಚಿದಳು.

ಅರವತ್ತೊಂದು.

"ಮಧ್ಯಾಹ್ನ ಏನು ತಿಂದ್ರಿ?"

"ಏನೂ ಇಲ್ಲ." ಅವನು ತಲೆ ತಗ್ಗಿಸಿದ. "ನೀವು ಸುಳ್ಳು ಹೇಳಲ್ಲ ಅಂತ ಗೊತ್ತು. ಹಾಗಾದ್ರೆ ನಾನೇ ಏನೋ ತಿಂತಿರ್ಬೇಕು, ನಿದ್ದೆಗಣ್ಣಲ್ಲಿ ಎದ್ದು ತಿಂತಿದೀನೇನೋ ಅಂದ್ಕೊಂಡೆ. ಅಡುಗೆಮನೆಗೆ ಬೀಗ ಹಾಕಿ, ಕೀಲಿ ಪಕ್ಕದ ಮನೆಯವರ ಹತ್ರ ಕೊಟ್ಟಿದೀನಿ."

ಪುಟ್ಟಿಯ ಮಾತನ್ನು ಅವನು ತನಗಿಂತ ಹೆಚ್ಚು ನಂಬಿದ್ದ. ಅವಳು ಅವನ ಒಂದೇ ಒಂದು ಮಾತನ್ನೂ ನಂಬಿರಲಿಲ್ಲ.

ಜೇಬಿನಿಂದ ಹೂವು ತೆಗೆದಳು. ಒಂದು ಎಸಳು ಮುರಿದಿತ್ತು.

"ಮೊದ್ಲು ಇದನ್ನ ಅಗಿದು ನುಂಗಿ."

"ಸಿಹಿ ಅಲ್ವಾ?"

"ಶುಗರ್ ತೀರಾ ಇಳಿದಿದೆ, ಈಗ ಇದೇ ಔಷಧಿ. ತಿನ್ನಿ… ದಮ್ಮಯ್ಯ."

ಅವನು ತಿಂದ. ಅವಳು ಕೊಟ್ಟ ಸಿಹಿಯನ್ನು ಅವನು ಬಾಯಿಗಿಟ್ಟಿದ್ದು ಅದೇ ಮೊದಲು. ಅವನು ಅಗಿಯುತ್ತಿದ್ದಂತೆ ಅವಳು ಎಲ್ಲವನ್ನೂ ಹೇಳಿದಳು. ಪಾಕ, ಏಪ್ರನ್, ತೊಳೆಯದ ಕೈ, ಮುನ್ನೂರ ಎಂಬತ್ತು, ತೊಂಬತ್ತೆಂಟು. ಹೇಳುತ್ತಾ ಹೇಳುತ್ತಾ ಮಾತು ಅಳುವಾಯಿತು.

"ನೀವು ಬಿದ್ದು ಹೋಗಿದ್ರೆ… ನನ್ನಿಂದ… ಬೈದುಬಿಡಿ. ಬೈದ್ರೆ ನನಗೆ ಸಮಾಧಾನ."

ಅವನು ಬಾಯಲ್ಲಿದ್ದ ಕೊನೆಯ ಎಸಳು ನುಂಗಿದ.

"ಬೇಜಾರಾಗಿತ್ತು," ಎಂದ. "ಸುಳ್ಳುಗಾರ ಅಂದಿದ್ದಕ್ಕೆ ತುಂಬಾನೇ ಬೇಜಾರಾಗಿತ್ತು. ಆದ್ರೆ ಅವತ್ತು ನಿಮ್ಮ ಕಣ್ಣಲ್ಲಿದ್ದದ್ದು ಕೋಪ ಅಲ್ಲ, ಭಯ. ನಾನು ಎಲ್ಲಿ ಸತ್ತು ಹೋಗ್ತೀನೋ ಅಂತ ಭಯ. ನನಗೋಸ್ಕರ ಅಷ್ಟು ಹೆದರಿದವರು ಬೇರೆ ಯಾರೂ ಇಲ್ಲ."

ಪುಟ್ಟಿ ಕಣ್ಣು ಒರೆಸಿಕೊಂಡಳು. ಕಾಲು ಗಂಟೆ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಮತ್ತೆ ಕೈ ತೊಳೆದರು, ಮತ್ತೆ ಚುಚ್ಚಿದಳು. ತೊಂಬತ್ತನಾಲ್ಕು. ಅವಳ ಉಸಿರು ಈಗ ನೆಟ್ಟಗಾಯಿತು.

"ನಡೀರಿ, ಮೊದಲು ಊಟ. ಆಮೇಲೆ ಸೀದಾ ಡಾಕ್ಟರ ಹತ್ರ. ತಪ್ಪು ನಂದು ಅಂತ ನಾನೇ ಹೇಳ್ತೀನಿ."

"ಅವತ್ತು ನಾಳೆ ಹೇಳ್ತೀನಿ ಅಂದಿದ್ರಲ್ಲ, ಅದು?"

"ಇನ್ನೂ ಬೇಕಾ? ಈ ಕೈ?"

"ಚುಚ್ಚೋಕೆ ಮುಂಚೆ ಮೆತ್ತಗೆ ಉಜ್ಜೋ ಹಾಗಿಲ್ಲ, ಅಷ್ಟೇ ತಾನೆ?"

"ತೊಳೆದು ಉಜ್ಜಬಹುದು."

"ಚುಚ್ಚಿದ ಮೇಲೆ?"

"ಚುಚ್ಚಿದ ಮೇಲೆ ಏನು?"

"ಎಷ್ಟು ಹೊತ್ತು ಹಿಡ್ಕೊಂಡ್ರೂ ಶುಗರ್ ಏರಲ್ಲ ಅಲ್ವಾ, ಪುಟ್ಟಿ?"

ಅವನು ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ತೊಳೆದ ಕೈಯನ್ನು ಅವನ ಕೈಯಲ್ಲಿಟ್ಟಳು.

"ಏರಲ್ಲ," ಎಂದಳು. "ಬಿಡಬೇಡ."