ಕುರ್ಚಿಯ ಕೆಳಗಿನ ಮಣ್ಣು

ಅಮೆರಿಕದ ನಮ್ಮ ಯೂಟಾ ಸೀಮೆಯಲ್ಲಿ ಆಗ ಕೊಲೆಗಾರನಿಗೆ ನೇಣೋ ಗುಂಡೋ ಎಂದು ಕೇಳುತ್ತಿದ್ದರು. ಅಂಥ ಪಾಪವನ್ನು ಕ್ರಿಸ್ತನ ರಕ್ತವೂ ತೊಳೆಯದು, ಅವನದೇ ರಕ್ತ ನೆಲಕ್ಕೆ ಬಿದ್ದು ಅದರ ಹಬೆ ದೇವರಿಗೆ ಮುಟ್ಟಬೇಕು ಎಂಬುದು ನಮ್ಮ ಮಾರ್ಮನ್ ಕ್ರೈಸ್ತ ಪಂಥದ ಹಿರಿಯರ ಬೋಧನೆ. ಕೊಲೆ ಮಾಡಿ ಸಿಕ್ಕಿಬಿದ್ದಿದ್ದ ಓರ್ಸನ್ ಗುಂಡನ್ನೇ ಆರಿಸಿಕೊಂಡ. ತನ್ನನ್ನು ಕಟ್ಟಿ ಕೂರಿಸಿದ ಕುರ್ಚಿಯ ಕೆಳಗೆ, ರಕ್ತ ಹೀರಲೆಂದು ಸುರಿದಿದ್ದ ಮರದ ಹೊಟ್ಟು ನೋಡಿ, "ಅದನ್ನ ಗುಡಿಸ್ರಪ್ಪಾ, ಮಣ್ಣಿಗೇ ಬೀಳ್ಲಿ," ಎಂದ.

ಗುಂಡು ಹಾರಿದೊಡನೆ ಮಣ್ಣಿನಿಂದ ಹಬೆ ಎದ್ದಿತು. ಟೋಪಿ ಹಾರಿಸುವಂಥ ಗಾಳಿಯಲ್ಲೂ ಅದು ನೂಲು ಹಿಡಿದಂತೆ ನೆಟ್ಟಗೆ ಮೇಲೇರಿತು. ಅವನು ಕೊಂದ ಹುಡುಗನ ತಾಯಿ ಕಿರ್ಸ್ಟೀನ್ ಅದಕ್ಕೆ ಬಲ ಅಂಗೈ ಒಡ್ಡಿದಳು.

"ಬೇಡ ಕಣಕ್ಕಾ!" ಎಂದೆ.

"ಸುಮ್ನಿರೇ. ದೇವ್ರಿಗೆ ಮುಟ್ಟೋಕೆ ಮುಂಚೆ ನಂಗೂ ಒಂಚೂರು ಮುಟ್ಲಿ."

ಎಷ್ಟೋ ವರ್ಷದ ಮೇಲೆ ಅವಳು ತೀರಿಕೊಂಡಾಗ ಮೈ ತೊಳೆದವಳು ನಾನೇ. ಮೈಯೆಲ್ಲ ಕಲ್ಲಿನಂತೆ ತಣ್ಣಗಿತ್ತು. ಬಲ ಅಂಗೈ ಮಾತ್ರ, ಪೆಟ್ಟಿಗೆಗೆ ಮೊಳೆ ಹೊಡೆಯುವವರೆಗೂ ಬಿಸಿಯಾಗಿಯೇ ಇತ್ತು.