ಎರಡನೇ ಅಕ್ಷರ

17-2-2025, ಸೋಮವಾರ, ಬೆಳಿಗ್ಗೆ 10.20. ನರಸಿಂಹರಾಜಪುರದ ಠಾಣೆಗೆ ದೊಡ್ಡಮನೆ ಮಹೇಶ್ವರ ಗೌಡರು ದೂರು ತಂದರು. ಅವರ ವಂಶದ ಪಾಳೆಯಗಾರನ ಬಗ್ಗೆ ಆಸ್ಥಾನದ ಚರಿತ್ರಕಾರ ಮುನ್ನೂರು ವರ್ಷಗಳ ಹಿಂದೆ ಬರೆದ ತಾಳೆಗರಿ ಕಟ್ಟಿನಲ್ಲಿ ಏಳನೆಯ ಗರಿ ಕಳುವಾಗಿತ್ತು. ಹಿಂದಿನ ದಿನ, ತಂದೆಯ ಹೆಸರಿನಲ್ಲಿ ಕಟ್ಟಿಸಿದ ಸಮುದಾಯ ಭವನದ ಉದ್ಘಾಟನೆಯಲ್ಲಿ ಪೂಜೆಗೆಂದು ಕಟ್ಟು ಬಿಚ್ಚಿದಾಗ ಗೊತ್ತಾಯಿತಂತೆ. ಗೌಡರಿಗೆ ಗರಿ ಓದಲು ಬರುತ್ತಿರಲಿಲ್ಲ. ಎಣಿಸಲು ಬರುತ್ತಿತ್ತು.

ಮನೆಯಲ್ಲೇ ಒಮ್ಮೆ ಹುಡುಕಿ ನೋಡಬಾರದೇ, ಎಫ್‌ಐಆರ್ ಆದರೆ ಆಮೇಲೆ ನಮ್ಮ ಕೈಯಲ್ಲೂ ಇರುವುದಿಲ್ಲ ಎಂದರು ಇನ್ಸ್‌ಪೆಕ್ಟರ್ ಪ್ರಸನ್ನಕುಮಾರ್.

“ಆಗ್ಲೇಬೇಕು. ನಮ್ಮ ವಂಶದ ಮಾನದ ಪ್ರಶ್ನೆ ಇದು.”

ವಂಶದ ಮಾನಕ್ಕೆ ಪ್ರತ್ಯೇಕ ಕಲಂ ಇಲ್ಲದ್ದರಿಂದ, ಮನೆಯೊಳಗಿನ ಕಳವು ಎಂದು 11.05ಕ್ಕೆ ಎಫ್‌ಐಆರ್ ದಾಖಲಾಯಿತು.

12.30ಕ್ಕೆ ದೊಡ್ಡಮನೆಯಲ್ಲಿ ಸ್ಥಳ ಪಂಚನಾಮೆ. ಕಟ್ಟು ಇಟ್ಟಿದ್ದ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಎರಡು ತಿಂಗಳಿಂದ ಕಟ್ಟು ಮುಟ್ಟಿದ ಹೊರಗಿನವರು ಒಬ್ಬರೇ, ನಿವೃತ್ತ ಕನ್ನಡ ಮೇಷ್ಟ್ರು ರೇಣುಕಪ್ಪ. ಭವನದ ಬಾಗಿಲಲ್ಲಿ ಗ್ರಾನೈಟಿನ ಮೇಲೆ ಕೆತ್ತಿಸಿದ ನಾಲ್ಕು ಪದ್ಯಗಳು ಅವರವು. ಗೌಡರ ತಂದೆಯನ್ನು ಹಳೆಯ ಧಾಟಿಯಲ್ಲಿ ಹೊಗಳಲು ಗರಿಗಳನ್ನು ಓದಿದ್ದರು.

“ಅವರ ಮೇಲೆ ಅನುಮಾನ ಉಂಟಾ?”

“ಎಂತ ಮಾರಾಯ್ರೇ, ಮೇಷ್ಟ್ರು ನಮ್ಮನೆ ಮನುಷ್ಯ. ಅವರಪ್ಪ ನಮ್ಮಲ್ಲೇ ಆಳಾಗಿದ್ದ.”

ಕಳುವಾದ ಗರಿಯ ಫೋಟೋ ಗೌಡರ ಮೊಬೈಲಿನಲ್ಲಿತ್ತು. ಓದಲಾಗದಿದ್ದರೂ ಸ್ಟೇಟಸ್‌ಗೆ ಹಾಕಿಕೊಂಡಿದ್ದರು. ಕಾನ್‌ಸ್ಟೇಬಲ್ ವನಮಾಲಾ ಕನ್ನಡ ಎಂ.ಎ.; ಇಲಾಖೆ ಆ ಪದವಿಯನ್ನು ಈವರೆಗೆ ಜಾತ್ರೆ ಬಂದೋಬಸ್ತಿಗೆ ಬಳಸಿತ್ತು. ಠಾಣೆಗೆ ಮರಳಿ, ಫೋಟೋ ಹಿಗ್ಗಿಸಿಕೊಂಡು ಆಕೆ ನಿಧಾನವಾಗಿ ಓದಿದಳು. ಮೂರು ಪದ್ಯ, ಬರೀ ಹೊಗಳಿಕೆ.

“ಹೊಗಳಿದ್ದನ್ನ ಯಾಕೆ ಕದೀತಾರೆ?” ಎಂದರು ಇನ್ಸ್‌ಪೆಕ್ಟರ್.

“ಪ್ರಾಸ ನೋಡಿ ಸರ್. ಒಂದು ಪದ್ಯದಲ್ಲಿ ಎಲ್ಲಾ ಸಾಲಿನ ಎರಡನೇ ಅಕ್ಷರ ಒಂದೇ ಇರ್ಬೇಕು. ಮೊದಲನೇ ಪದ್ಯಕ್ಕೆ ‘ಕ’, ಎರಡನೇದಕ್ಕೆ ‘ಟು’, ಮೂರನೇದಕ್ಕೆ ಮತ್ತೆ ‘ಕ’.”

ಕಟುಕ. ಚರಿತ್ರಕಾರ ಇದನ್ನು ದೊರೆಯ ಎದುರೇ ಓದಿ, ಬಹುಶಃ ಶಾಲನ್ನೂ ಹೊದ್ದುಕೊಂಡು ಹೋಗಿದ್ದ.

3.10ಕ್ಕೆ ಇಬ್ಬರೂ ಭವನದ ಗ್ರಾನೈಟಿನ ಮುಂದೆ ನಿಂತರು. ಮೊದಲ ಪದ್ಯದ ಸಾಲುಗಳು ಮನೆತನ, ನೆನೆದವರು, ಕೊನೆಯಿರದ ಎಂದು ಶುರುವಾಗಿದ್ದವು. ಎರಡನೆಯದರಲ್ಲಿ ಕುಲ, ಬಲ, ಛಲ. ಮೂರನೆಯದರಲ್ಲಿ ಜಗ, ಸೊಗ, ನಗ. ಕೊನೆಯದರಲ್ಲಿ ಉಳ್ಳವರು, ಬೆಳ್ಳಗಿನ, ಹಳ್ಳದ. ವನಮಾಲಾ ಒಂದೊಂದೇ ಪದ್ಯಕ್ಕೆ ಬೆರಳಿಟ್ಟಳು. ಇನ್ಸ್‌ಪೆಕ್ಟರ್ ತುಟಿಯಲ್ಲೇ ಕೂಡಿಸಿದರು: ನೆ, ಲ, ಗ, ಳ್ಳ.

ಹಿಂದಿನ ದಿನ ಮುನ್ನೂರು ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದರು.

4.40. ರೇಣುಕಪ್ಪ ತಮ್ಮ ಮನೆಯ ಜಗಲಿಯಲ್ಲೇ ಕೂತಿದ್ದರು. ಓದಿದ್ದು ಯಾರೆಂದು ಕೇಳಿ, ವನಮಾಲಾಳತ್ತ ನೋಡಿ ತಲೆಯಾಡಿಸಿದರು. ಉದ್ಘಾಟನೆಯಲ್ಲಿ ಗೌಡರು ಕೊಟ್ಟ ಸನ್ಮಾನ ಪತ್ರದ ಚೌಕಟ್ಟನ್ನು ಗೋಡೆಯಿಂದ ತಾವೇ ಇಳಿಸಿದರು. ಗರಿ ಅದರ ಬೆನ್ನಿಗಿತ್ತು.

“ಕಲ್ಲು ನಿಲ್ಲೋ ತನಕ ಇದನ್ನ ಯಾರೂ ಓದಬಾರದಿತ್ತು ಸಾರ್. ಓದಿದ್ರೆ ಕಲ್ಲನ್ನೂ ಓದ್ತಿದ್ರು.”

“ಏನು ದ್ವೇಷ?”

“ಎಪ್ಪತ್ತೈದರಲ್ಲಿ ಉಳುವವನಿಗೇ ಭೂಮಿ ಅಂತ ಅಪ್ಪ ಅರ್ಜಿ ಹಾಕಿದ್ದ. ಮೂರು ಎಕರೆ ಗದ್ದೆ. ಈ ಗೌಡ್ರ ಅಪ್ಪ ಕರೆಸಿ, ನಾವು ಗೇಣಿದಾರರಲ್ಲ, ಬರೀ ಕೂಲಿಯವರು ಅಂತ ಬರೆಸಿದ್ರು. ಬರ್ದಿದ್ದು ನಾನೇ, ಎಂಟನೇ ಕ್ಲಾಸು. ಅಕ್ಷರ ಮುತ್ತಿನಂಗಿದೆ ಅಂತ ಒಂದು ಪೆನ್ ಕೊಟ್ರು. ಅಪ್ಪಂಗೆ ಓದಕ್ಕೆ ಬರ್ತಿರ್ಲಿಲ್ಲ. ನಾ ಬರ್ದಿದ್ದು ಅಂತ ಹೆಬ್ಬೆಟ್ಟು ಒತ್ತಿದ.”

ಜಪ್ತಿ ಪಂಚನಾಮೆ ಅರ್ಧವಾಗುವಷ್ಟರಲ್ಲಿ ಗೌಡರ ಕಾರು ಬಂತು. ಯಾರೋ ಕಲ್ಲಿನ ಫೋಟೋ ಮೇಲೆ ನಾಲ್ಕು ಅಕ್ಷರಕ್ಕೆ ಕೆಂಪು ಸುತ್ತು ಹಾಕಿ ಊರಿಗೆಲ್ಲ ಕಳಿಸಿದ್ದರು. ಯಾರೆಂದು ವನಮಾಲಾ ಕೇಳಲಿಲ್ಲ. ಮೇಷ್ಟ್ರ ಮೊಬೈಲ್ ಜಗಲಿಯ ಮೇಲೆ ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು.

“ಗರಿ ಸಿಕ್ತಲ್ಲ, ಕಂಪ್ಲೇಂಟ್ ವಾಪಸ್ ತಗೋತೀನಿ,” ಎಂದರು ಗೌಡರು. “ಇದನ್ನೆಲ್ಲ ಬರೀಬೇಡಿ.”

“ಬೆಳಿಗ್ಗೆನೇ ಹೇಳಿದ್ದೆ ಗೌಡ್ರೇ. ಎಫ್‌ಐಆರ್ ಆಗಿದೆ.”

ಗೌಡರು ಅದೇ ಕಾರಿನಲ್ಲಿ ವಾಪಸಾದರು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಇನ್ಸ್‌ಪೆಕ್ಟರ್ ಮೇಷ್ಟ್ರಿಗೆ ತಿಳಿಸಿದರು.

“ಫೈಲಲ್ಲಿ ಇರುತ್ತಲ್ಲ ಸಾರ್?”

“ಇರುತ್ತೆ.”

“ಸಾಕು. ಆವತ್ತು ನಾ ಬರ್ದಿದ್ದೂ ಫೈಲಲ್ಲೇ ಇದೆ.”

6.15ಕ್ಕೆ ಬಂಧನ. ಸಹಿ ಹಾಕುವ ಮೊದಲು ರೇಣುಕಪ್ಪ ಹೇಳಿಕೆಯನ್ನು ಪೂರ್ತಿ ಓದಿ, ಒಂದು ಕಡೆ ನಿಲ್ಲಿಸಿ, ವನಮಾಲಾಗೆ ಪೆನ್ನು ವಾಪಸ್ ಕೊಟ್ಟರು.

“ನೆಲಗಳ್ಳ ಅನ್ನೋದ್ರಲ್ಲಿ ಒತ್ತು ಬಿಟ್ಟಿದೀಯ ತಂಗಿ. ಹಾಕು.”