ಅಜ್ಜಿಯ ಮಣಿಕಟ್ಟು

ಊರೂರು ಅಲೆಯುತ್ತಿದ್ದ ನಾನು ಆ ವರ್ಷ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯವೊಂದರ ಸುದ್ದಿಪತ್ರಿಕೆಗೆ ವರದಿಗಾರನಾಗಿದ್ದೆ. ನರ್ಸಿಂಗ್ ಪರೀಕ್ಷೆಯ ಚಿತ್ರ ತೆಗೆಯಲು ಹೋದ ಮಧ್ಯಾಹ್ನ ಕಂಡದ್ದನ್ನು ಕಂಡಂತೆಯೇ ಬರೆಯುತ್ತಿದ್ದೇನೆ.

ಮಂಚದ ಮೇಲೆ ಅಭ್ಯಾಸಕ್ಕೆಂದು ಇಟ್ಟ ಪ್ಲಾಸ್ಟಿಕ್ ಬೊಂಬೆ ಮಲಗಿತ್ತು. ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಮುಟ್ಟುವ ಮುನ್ನ ಅಪ್ಪಣೆ ಕೇಳುವುದು ಅಲ್ಲಿನ ನಿಯಮ. ಈಗಾಗಲೇ ನಪಾಸಾಗಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಅಂದಿನ ನಾಡಿ ನೋಡುವ ಪರೀಕ್ಷೆಯೇ ಕೊನೆಯ ಅವಕಾಶ.

“ಅಜ್ಜೀ, ಸ್ವಲ್ಪ ಕೈ ಕೊಡ್ತೀರಾ?” ಎಂದು ಮಣಿಕಟ್ಟು ಹಿಡಿದವಳು ಬೆರಗಾದಳು. “ಮೇಡಂ, ಕೈ ಬೆಚ್ಚಗಿದೆ. ನಾಡಿ ಚೆನ್ನಾಗಿ ಸಿಗ್ತಿದೆ.”

ಪರೀಕ್ಷೆ ನಡೆಸುತ್ತಿದ್ದ ಶಿಕ್ಷಕಿ ನಕ್ಕರು. “ನಂಗೇ ಟೋಪಿ ಹಾಕ್ತೀಯೇನಮ್ಮಾ? ಸುಳ್ಳು ಹೇಳೋರನ್ನ ಹಿಡಿಯೋಕೇ ಬೊಂಬೆಯೊಳಗಿನ ನಾಡಿ ಬಡಿಯೋ ಯಂತ್ರ ಬಿಚ್ಚಿಟ್ಟಿದೀನಿ. ನೋಡು, ಮೇಜಿನ ಮೇಲಿದೆ. ಇನ್ನು ಮನೆಗೆ ನಡಿ.”

“ನೀವೇ ಮುಟ್ಟಿ ನೋಡಿ, ಮೇಡಂ.”

ಶಿಕ್ಷಕಿ ಅಪ್ಪಣೆ ಕೇಳದೆ ಮುಟ್ಟಿದರು, ಏನೂ ಇರಲಿಲ್ಲ. ಹುಡುಗಿಯ ಕಣ್ಣು ತುಂಬಿತು. ಏನನ್ನಿಸಿತೋ, ಅವರು ತಗ್ಗಿದ ದನಿಯಲ್ಲಿ, “ಅಜ್ಜೀ, ಕೈ ಹಿಡೀಲಾ?” ಎಂದು ಮತ್ತೆ ಹಿಡಿದರು. ಬಹಳ ಹೊತ್ತು ಬಿಡಲಿಲ್ಲ. ಕೊನೆಗೆ, “ಪಾಸು ಕಣಮ್ಮಾ” ಎಂದರು.

ನಾನೂ ಅಪ್ಪಣೆ ಕೇಳಿ ಮುಟ್ಟಿದೆ. ನಿದ್ದೆಯಿಂದ ಎದ್ದವರ ಕೈಯಷ್ಟೇ ಬಿಸಿ, ಶಾಂತವಾದ ಬಡಿತ.

ನೆಟ್ಟಗೆ ಎರಕಹೊಯ್ದಿದ್ದ ಅಜ್ಜಿಯ ಆ ಬೆರಳುಗಳು ಇಂದಿಗೂ ಯಾರದೋ ಕೈ ಹಿಡಿದಂತೆ ಮಡಚಿಕೊಂಡೇ ಇವೆ.